ಬ್ರಿಕ್‌ಫೀಲ್ಡ್ಸ್‌ನಲ್ಲಿ ಸಂತೆ, ಮನೆಯಲ್ಲಿ ತಂಬುಳಿ

ಪರದೇಶಕ್ಕೆ ಹೊರಟವರ ಮನೆಯಲ್ಲಿ ವೀಸಾ, ಟಿಕೆಟ್ಟು, ಬಾಡಿಗೆ ಮನೆಯ ಮಾತೆಲ್ಲ ಬೇಗ ಮುಗಿದುಹೋಗುತ್ತದೆ. ಆಮೇಲೆ ಅಜ್ಜಿಯೋ ಅತ್ತೆಯೋ ಮೆಲ್ಲಗೆ ಕೇಳುತ್ತಾರೆ: "ಅಲ್ಲಿ ತೊಗರಿಬೇಳೆ ಸಿಗ್ತದಂತಾ?" ಅಲ್ಲಿಂದ ಮುಂದೆ ಮಾತು ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ. ಸಾರಿನ ಪುಡಿ ಎಷ್ಟು ಕಟ್ಟಬೇಕು, ಉಪ್ಪಿನಕಾಯಿ ಸೋರದ ಹಾಗೆ ಏನು ಮಾಡಬೇಕು, ಹಪ್ಪಳ ಮುರಿಯದೆ ಹೋದೀತೇ. ಈ ಪ್ರಶ್ನೆಗಳ ಮೇಲೆ ನನಗೆ ಬಹಳ ಗೌರವ. ದಿನಾ ಎರಡು ಹೊತ್ತು ಒಲೆ ಹಚ್ಚುವವರು ಕೇಳುವ ಪ್ರಶ್ನೆಗಳು ಅವು. ಆ ಊರಿನಲ್ಲಿ ಬದುಕು ಕೂಡಿಬರುತ್ತದೋ ಇಲ್ಲವೋ ಎಂಬುದು ಕೊನೆಗೆ ಅವುಗಳ ಉತ್ತರದ ಮೇಲೇ ನಿಂತಿರುತ್ತದೆ.

ಮಲೇಷ್ಯಾದ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್ ಕೇರಿಯಲ್ಲಿ ತೊಗರಿಬೇಳೆ ಸಿಗುತ್ತದೆ. ಬೇಳೆಯಷ್ಟೇ ಏಕೆ, ಬಾಳೆಎಲೆ, ಮಲ್ಲಿಗೆ ದಂಡೆ, ಮಾವಿನ ಸೊಪ್ಪು, ಕುಂಕುಮ, ಬೆಳಗಿನ ಬಿಸಿ ವಡೆ ಎಲ್ಲವೂ ಸಿಗುತ್ತವೆ. ಕ್ವಾಲಾಲಂಪುರದ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ನಿಂದ ಹೊರಬಿದ್ದರೆ ಎದುರಿಗೇ ಜಲಾನ್ ತುನ್ ಸಂಬಂದನ್ ರಸ್ತೆ. ತಲೆಯ ಮೇಲೆ ಮೋನೊರೈಲು ಸರಿದು ಹೋಗುತ್ತಿರುತ್ತದೆ, ಕೆಳಗೆ ಹೂ ಕಟ್ಟುವವರು ಕಣ್ಣೆತ್ತದೆ ಹೂ ಕಟ್ಟುತ್ತಿರುತ್ತಾರೆ. 1881ರಲ್ಲಿ ಕ್ವಾಲಾಲಂಪುರಕ್ಕೆ ಮೊದಲು ಬೆಂಕಿ ಬಿತ್ತು, ಅದೇ ವರ್ಷ ಪ್ರವಾಹವೂ ಬಂತು. ಮರ, ಹುಲ್ಲಿನ ಮನೆಗಳು ಇನ್ನು ಬೇಡ, ಇಟ್ಟಿಗೆ ಹೆಂಚಿನಲ್ಲಿ ಕಟ್ಟಿ ಎಂದು ಬ್ರಿಟಿಷ್ ರೆಸಿಡೆಂಟ್ ಫ್ರಾಂಕ್ ಸ್ವೆಟೆನ್‌ಹ್ಯಾಮ್ ಹೇಳಿದ. ಆ ಇಟ್ಟಿಗೆ ಸುಟ್ಟ ಜಾಗ ಇದು. ಇಟ್ಟಿಗೆಯ ಹಿಂದೆ ರೈಲು ಬಂತು, ರೈಲಿನ ಕೆಲಸಕ್ಕೆ ತಮಿಳರು, ಜಾಫ್ನಾದವರು, ಮಲಯಾಳಿಗಳು, ಸಿಂಹಳೀಯರು ಬಂದರು. ಜನ ಬಂದ ಮೇಲೆ ಗುಡಿ, ವಿಹಾರ, ಇಗರ್ಜಿ, ಅಂಗಡಿ, ಊಟದ ಮನೆಗಳು ಎದ್ದವು. 2010ರ ಅಕ್ಟೋಬರಿನಲ್ಲಿ ಎರಡೂ ದೇಶದ ಪ್ರಧಾನಿಗಳು, ನಜೀಬ್ ರಜಾಕ್ ಮತ್ತು ಮನಮೋಹನ ಸಿಂಗ್, ಇಲ್ಲಿಗೆ ಬಂದು ಈ ಕೇರಿಯನ್ನು ಲಿಟ್ಲ್ ಇಂಡಿಯಾ ಎಂದು ಉದ್ಘಾಟಿಸಿದರು. ಹೆಸರು ಬರುವ ಎಷ್ಟೋ ವರ್ಷ ಮೊದಲೇ ಇಲ್ಲಿ ಬೇಳೆ ಬೇಯುತ್ತಿತ್ತು.

ಇಲ್ಲಿಯ ದಿನಸಿ ಅಂಗಡಿಗಳ ಮಾತು ತಮಿಳು. ಸಾಗರದ ಕಡೆಯಿಂದ ಬಂದ ನನಗೆ ಆ ಮಾತು ಅಂಗಡಿಯ ಕಟ್ಟೆಯ ಮೇಲೇ ಕೂಡಿಬಂತು. ತರಕಾರಿ ಅಂಗಡಿಯ ಅಕ್ಕ ನುಗ್ಗೆಕಾಯಿಯನ್ನು ಬಗ್ಗಿಸಿ ತೋರಿಸಿ, "ಇನ್ನಿಕ್ಕಿ ನಲ್ಲಾ ಇರುಕ್ಕು, ಎಡುತ್ತುಕ್ಕೋಮಾ" ಎನ್ನುತ್ತಾರೆ, ಇವತ್ತು ಚೆನ್ನಾಗಿದೆ, ತಗೊಳ್ಳಮ್ಮ ಅಂತ. ನಾನು ಕನ್ನಡದ ಕ್ರಿಯಾಪದಕ್ಕೆ ತಮಿಳಿನ ಬಾಲ ಕಟ್ಟಿ ಉತ್ತರಿಸುತ್ತೇನೆ. ಪಕ್ಕದಲ್ಲಿ ನಿಂತ ಚೀನೀ ಅಜ್ಜಿ ಮಲಯದಲ್ಲಿ ದರ ಕೇಳುತ್ತಾರೆ. ಹಳೆಯ ವ್ಯಾಪಾರಿಗಳ ಬಾಯಲ್ಲಿ ಇನ್ನೂ ಕಾತಿಯ ಲೆಕ್ಕ ಇದೆ, ಒಂದು ಕಾತಿ ಎಂದರೆ ಸುಮಾರು 600 ಗ್ರಾಂ. ನಮ್ಮಜ್ಜ ಕೊನೆಯವರೆಗೂ ಸೇರು, ಪಾವು ಎನ್ನುತ್ತಿದ್ದರು. ಹಳೆಯ ಅಳತೆ ನಾಲಿಗೆಯಿಂದ ಇಳಿಯುವುದಕ್ಕೆ ಎರಡು ತಲೆಮಾರಾದರೂ ಬೇಕು ಅಂತ ಕಾಣುತ್ತದೆ.

ಅಂಗಡಿಯ ಬಾಗಿಲಲ್ಲೇ ಅಕ್ಕಿ ಮೂಟೆಗಳು ಕೂತಿರುತ್ತವೆ. ಪೊನ್ನಿ, ಬಾಸ್ಮತಿ, ಥಾಯ್ ಅಕ್ಕಿ, ಇಡ್ಲಿ ಅಕ್ಕಿ, ಮೂಲೆಯಲ್ಲಿ ಸೋನಾ ಮಸೂರಿ. ಕರ್ನಾಟಕದಿಂದ ಬಂದವರ ಕಣ್ಣು ನೇರ ಆ ಮೂಲೆಗೆ ಹೋಗುತ್ತದೆ. 2023ರ ಜುಲೈನಲ್ಲಿ ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಆ ಮೂಲೆ ಬರಿದಾಯಿತು. ಸೆಪ್ಟೆಂಬರಿಗೆ ಇಲ್ಲಿಯ ಅಕ್ಕಿ ಆಮದುದಾರ ಸಂಸ್ಥೆ ಬರ್ನಾಸ್ ಆಮದು ಅಕ್ಕಿಯ ದರವನ್ನು ಟನ್ನಿಗೆ 2,350 ರಿಂಗಿಟ್‌ನಿಂದ 3,200ಕ್ಕೆ ಏರಿಸಿತು. ಇಲ್ಲಿಯೇ ಬೆಳೆದ ಕಡಿಮೆ ದರದ ಅಕ್ಕಿಗೆ ಜನ ಮುಗಿಬಿದ್ದು, ಅದೂ ಅಂಗಡಿಗಳಲ್ಲಿ ಕಾಣದಾಯಿತು. 2024ರ ಸೆಪ್ಟೆಂಬರಿನಲ್ಲಿ ಭಾರತ ಆ ನಿರ್ಬಂಧ ತೆಗೆಯುವ ತನಕ ನಮ್ಮಂಥ ಮನೆಗಳಲ್ಲಿ ಇದೇ ಮಾತು. ಥಾಯ್ ಅಕ್ಕಿಗೆ ನೀರೆಷ್ಟು, ಅದರಲ್ಲಿ ಮೊಸರನ್ನ ಕಲಸಿದರೆ ಅಂಟಾಗುತ್ತದಾ, ಚಿತ್ರಾನ್ನ ಉದುರಾಗಬೇಕಾದರೆ ಏನು ಮಾಡಬೇಕು. ಗಂಜಿಗೂ ಮೊಸರನ್ನಕ್ಕೂ ಥಾಯ್ ಅಕ್ಕಿ ಬಹಳ ಚೆನ್ನಾಗಿ ಒಗ್ಗುತ್ತದೆ ಎಂದು ತಿಳಿದದ್ದು ಆ ದಿನಗಳಲ್ಲಿ. ಈಗ ಸೋನಾ ಮಸೂರಿ ಬಂದ ಮೇಲೂ ರಾತ್ರಿಯ ಗಂಜಿಗೆ ಥಾಯ್ ಅಕ್ಕಿಯನ್ನೇ ಹಾಕುತ್ತೇನೆ.

ಈ ಸೋನಾ ಮಸೂರಿಯ ವಂಶಾವಳಿ ಕೇಳಿದರೆ ಅದನ್ನು ಊರಿನ ಅಕ್ಕಿ ಎಂದು ಬೀಗುವ ನಮಗೆ ಹಿತವಾದ ಆಶ್ಚರ್ಯವಾಗುತ್ತದೆ. ಸೋನಾ ಎಂಬ ತಳಿಯನ್ನು ಮಸೂರಿ ಎಂಬ ತಳಿಯೊಂದಿಗೆ ಕೂಡಿಸಿ ಆಂಧ್ರದ ಬಾಪಟ್ಲದಲ್ಲಿ ಇದನ್ನು ಬೆಳೆಸಿದರು. ಆ ಮಸೂರಿ ಮಲೇಷ್ಯಾದ್ದು! ಐವತ್ತರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಜಪಾನ್ ಕಡೆಯ ಭತ್ತವನ್ನೂ ನಮ್ಮ ಕಡೆಯ ಭತ್ತವನ್ನೂ ಕೂಡಿಸುವ ಒಂದು ಕೆಲಸ ಕೈಗೊಂಡಿತು. ಒಡಿಶಾದ ಕಟಕ್‌ನಲ್ಲಿ ಆ ಸಂಕರ ನಡೆಯಿತು. ತೈವಾನಿನ ತೈಚುಂಗ್ 65, ಮಲಯದ ನಾಡತಳಿ ಮಾಯಾಂಗ್ ಎಬೋಸ್ ಎರಡನ್ನೂ ಕೂಡಿಸಿದರು. ಮುಂದೆ ಮಲೇಷ್ಯಾದಲ್ಲಿ ಆರಿಸಿ ಹದಮಾಡಿದ ಮಸೂರಿ ತಳಿ 1965ರಲ್ಲಿ ರೈತರ ಕೈಗೆ ಬಂತು. ಲಂಕಾವಿ ದ್ವೀಪದ ಜನ ಇಂದಿಗೂ ಕಥೆ ಹೇಳುವ ಮಸೂರಿ ಎಂಬ ಹೆಣ್ಣುಮಗಳ ಹೆಸರು ಅದಕ್ಕೆ. ಅಲ್ಲಿಂದ ಅದು ಭಾರತಕ್ಕೆ ಬಂದು, ಸೋನಾ ಜೊತೆ ಸೇರಿ, ತುಂಗಭದ್ರೆಯ ಕಾಲುವೆಗಳ ಗದ್ದೆಯಲ್ಲಿ ಬೆಳೆದು, ಸಿಂಧನೂರು ಗಂಗಾವತಿಯ ಮಿಲ್ಲುಗಳಲ್ಲಿ ಅಕ್ಕಿಯಾಗಿ ನಮ್ಮ ತಟ್ಟೆ ಸೇರಿತು. ಪಕ್ಕದ ಮೂಟೆಯ ಪೊನ್ನಿಗೂ ಆ ಮಸೂರಿಯ ತಾಯಿತಂದೆಯೇ. ಬ್ರಿಕ್‌ಫೀಲ್ಡ್ಸ್‌ನ ಅಂಗಡಿಯಲ್ಲಿ ನಾವು ತವರಿನ ಅಕ್ಕಿ ಅಂತ ಎದೆಗೊತ್ತಿಕೊಂಡು ತರುವ ಮೂಟೆಗೆ ತವರು ಇದೇ.

ಅಕ್ಕಿಯ ಮಾತು ಬಂದಾಗ ರವೆ ಇಡ್ಲಿಯನ್ನು ಬಿಡುವಂತಿಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮ ಎಂಟಿಆರ್, ಬ್ರಿಕ್‌ಫೀಲ್ಡ್ಸ್‌ಗೂ ಬಂದಿದೆ. ಉಡುಪಿ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಕಟ್ಟಿದ ಹೋಟೆಲು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಕೊರತೆಯಾದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದರು, ಅದೇ ರವೆ ಇಡ್ಲಿ. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಅದೇ ಕಾಲಕ್ಕೆ ಮಲಯವೂ ಜಪಾನೀಯರ ವಶದಲ್ಲಿತ್ತು, ಇಲ್ಲಿಗೂ ಹೊರಗಿನ ಅಕ್ಕಿ ಬರುವುದು ಕಡಿಮೆಯಾಯಿತು. ಇಲ್ಲಿಯ ಜನ ಹಿತ್ತಲಲ್ಲಿ ಮರಗೆಣಸು ನೆಟ್ಟು, ಬೇಯಿಸಿ ತಿಂದು ಮೂರೂವರೆ ವರ್ಷ ಕಳೆದರು. ಆ ಕಾಲ ಕಂಡ ಹಿರಿಯರಲ್ಲಿ ಮರಗೆಣಸನ್ನು ಮತ್ತೆ ಬಾಯಿಗಿಡದವರಿದ್ದರು, ಅದನ್ನೇ ಕೃತಜ್ಞತೆಯಿಂದ ತಿನ್ನುವವರೂ ಇದ್ದರು. ಇವತ್ತು ಇಲ್ಲಿ ರವೆ ಇಡ್ಲಿಯ ತಟ್ಟೆ ಎದುರಿಗೆ ಬಂದಾಗಲೆಲ್ಲ ನನಗೆ ಆ ಮರಗೆಣಸೂ ನೆನಪಾಗುತ್ತದೆ. ಒಂದೇ ಹಸಿವು ಎರಡು ಊರಿನ ಅಡುಗೆಮನೆಗೆ ಹೊಕ್ಕು ಎರಡು ತಿಂಡಿಗಳನ್ನು ಬಿಟ್ಟು ಹೋಗಿದೆ.

ಇನ್ನು ತೆಂಗಿನಕಾಯಿ. ಇಲ್ಲಿಯ ಕಾಯಿ ಅಂಗಡಿಗೆ ಹೋಗಿ ನಿಂತರೆ ನಮ್ಮ ಎದುರಿಗೇ ಕಾಯಿ ಒಡೆದು, ಯಂತ್ರಕ್ಕೆ ಹಿಡಿದು ತುರಿದು, ತೂಗಿ ಕೊಡುತ್ತಾರೆ. ಚಟ್ನಿಗೆ ಎಂದರೆ ಕರಟದ ಕಡೆಯ ಕಂದು ಸಿಪ್ಪೆ ಹೆರೆದು ಬೆಳ್ಳಗೆ ತುರಿಯುತ್ತಾರೆ. ಕಾಯಿಹಾಲು ಬೇಕೆಂದರೆ ಹಿಂಡಿಯೂ ಕೊಡುತ್ತಾರೆ. ಮಲೆನಾಡಿನ ಮನೆಗಳಲ್ಲಿ ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿದು ಸೊಂಟ ಹಿಡಿಸಿಕೊಂಡ ಅಮ್ಮಂದಿರು ಈ ಅಂಗಡಿಯನ್ನು ನೋಡಬೇಕು. ಆದರೆ ಈ ಹವೆಯಲ್ಲಿ ತುರಿ ಬೇಗ ಹುಳಿಯಾಗುತ್ತದೆ, ಆಯಾ ದಿನದ್ದು ಆಯಾ ದಿನವೇ ಮುಗಿಯಬೇಕು. ಇಡ್ಲಿ ಹಿಟ್ಟಿಗೂ ಇದೇ ಅವಸರ. ವರ್ಷವಿಡೀ ಕರಾವಳಿಯ ಏಪ್ರಿಲ್ ತಿಂಗಳಿನ ಸೆಕೆ ಇರುವ ಊರಿದು. ರಾತ್ರಿ ಮಲಗುವ ಮುಂಚೆ ರುಬ್ಬಿಟ್ಟರೆ ಬೆಳಗಿಗೆ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಬಂದಿರುತ್ತದೆ. ಹೆಪ್ಪು ಹಾಕಿದ ಹಾಲು ಊರಿಗಿಂತ ಬೇಗ ಮೊಸರಾಗುತ್ತದೆ, ಬೇಗ ಹುಳಿಯೂ ಆಗುತ್ತದೆ. ಹುಳಿಯಾದ ಮಜ್ಜಿಗೆ ಇರುವ ಮನೆಯಲ್ಲಿ ತಂಬುಳಿ ಇರಲೇಬೇಕು. ಹಾಗಾಗಿ ಸೊಪ್ಪು ಹುಡುಕಿಕೊಂಡು ಹೊರಡಬೇಕು.

ಸೊಪ್ಪಿಗೆ ನಾನು ಚೌ ಕಿಟ್ ಮಾರುಕಟ್ಟೆಗೆ ಹೋಗುತ್ತೇನೆ. ತುನ್ ಸಂಬಂದನ್ ನಿಲ್ದಾಣದಲ್ಲಿ ಮೋನೊರೈಲು ಹತ್ತಿದರೆ ಬೇರೆ ಗಾಡಿ ಬದಲಿಸುವ ಕೆಲಸವಿಲ್ಲ. ನೆಲವೆಲ್ಲ ನೀರು, ಗದ್ದಲ, ಮೀನಿನ ಸಾಲು ದಾಟಿ ಒಳಗೆ ಹೋದರೆ ಮಲಯ ಅಜ್ಜಿಯಂದಿರು ಸೊಪ್ಪಿನ ಕಟ್ಟು ಹರಡಿಕೊಂಡು ಕೂತಿರುತ್ತಾರೆ. ಅಲ್ಲಿ ಒಂದೆಲಗ ಇದೆ! ಇವರು ಅದನ್ನು ಪೆಗಾಗಾ ಎನ್ನುತ್ತಾರೆ, ಬೇರೆ ಹಸಿ ಎಲೆಗಳ ಜೊತೆ ಉಲಾಂ ಎಂದು ಅನ್ನದ ಪಕ್ಕ ಇಟ್ಟುಕೊಂಡು ತಿನ್ನುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ತೋಟದ ಅಂಚಿನಲ್ಲಿ ಕಿತ್ತು ತರುವ ಎಲೆ ಇಲ್ಲಿ ವರ್ಷವಿಡೀ ಕಟ್ಟುಕಟ್ಟಾಗಿ ಸಿಗುತ್ತದೆ. ಜೀರಿಗೆ, ಕಾಳುಮೆಣಸು, ಒಂದೆಲಗ ಮೂರನ್ನೂ ತುಪ್ಪದಲ್ಲಿ ಬಾಡಿಸಿ, ಕಾಯಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ, ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸುವ ಹಾಗಿಲ್ಲ. ಈ ಸೆಕೆಗೆ ಇದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ.

ಅದೇ ಸಾಲಿನಲ್ಲಿ ಎಳೆಯ ಜರೀಗಿಡದ ಸುರುಳಿ ಕುಡಿಗಳಿರುತ್ತವೆ, ಕೊಡಗಿನವರು ತೆರ್ಮೆ ತೊಪ್ಪು ಎಂದು ಪಲ್ಯ ಮಾಡುವ ಅದೇ ಗಿಡ. ಕಳಲೆ ಇದೆ. ಹೆಚ್ಚಿಟ್ಟ ಎಳೆಹಲಸು ಇದೆ. ಅರಿಶಿನದ ಎಲೆ ಇದೆ, ಇವರು ರೆಂಡಾಂಗ್‌ಗೆ ಹೆಚ್ಚಿ ಹಾಕುತ್ತಾರೆ, ನಾನು ನಾಗರಪಂಚಮಿಗೆ ಅದರಲ್ಲಿ ಕಡುಬು ಮಡಚುತ್ತೇನೆ. ಮೆಂತೆಯ ಪಕ್ಕದಲ್ಲಿ ಒಣಗಿಸಿದ ಹುಳಿಯ ಚೂರುಗಳ ಪೊಟ್ಟಣ, ಅಸಂ ಕೆಪಿಂಗ್. ಮೂಸಿ ನೋಡಿದರೆ ಉಪ್ಪಾಗೆಯ ನಂಟು ಮೂಗಿಗೇ ಗೊತ್ತಾಗುತ್ತದೆ. ಉಪ್ಪಾಗೆ, ಮುರುಗಲು, ಈ ಅಸಂ, ಹಣ್ಣಿನಂಗಡಿಯ ಮ್ಯಾಂಗೊಸ್ಟೀನ್ ನಾಲ್ಕೂ ಗಾರ್ಸೀನಿಯಾ ಎಂಬ ಒಂದೇ ಕುಲದವು. ಬಾಳೆಹಣ್ಣಿನ ಗೊನೆಗಳ ನಡುವೆ ಪಿಸಾಂಗ್ ರಸ್ತಾಳಿ ನೇತಾಡುತ್ತಿರುತ್ತದೆ. ಅದು ನಂಜನಗೂಡು ರಸಬಾಳೆಯ ಗುಂಪಿನ ಹಣ್ಣು. ಸಿಪ್ಪೆ ಸುಲಿದಾಗ ಬರುವ ಪರಿಮಳಕ್ಕೆ ಬೇರೆ ಸಾಕ್ಷಿ ಬೇಡ. ಕೋಸು, ಟೊಮೇಟೊ, ಬೀನ್ಸು ಕ್ಯಾಮರಾನ್ ಹೈಲ್ಯಾಂಡ್ಸ್‌ನ ತಣ್ಣನೆಯ ಗುಡ್ಡಗಳಿಂದ ಲಾರಿಯಲ್ಲಿ ಇಳಿದು ಬರುತ್ತವೆ.

ಸಸ್ಯಾಹಾರಿಗಳು ಮಾತ್ರ ಇಲ್ಲಿ ಕೇಳಿ ತಿನ್ನುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ತಟ್ಟೆಯಲ್ಲಿ ಬರೀ ಸೊಪ್ಪು ಕಂಡರೂ ಅದಕ್ಕೆ ಬೆಲಚಾನ್ ಹಾಕಿ ಹುರಿದಿರಬಹುದು, ಅದು ಸಿಗಡಿ ಅರೆದು ಹುದುಗು ಬರಿಸಿ ಒಣಗಿಸಿದ ಮುದ್ದೆ. ಕಾಯಿಹಾಲಿನ ಅನ್ನ ನಾಸಿ ಲೆಮಾಕ್ ಪರಿಮಳಕ್ಕೆ ಮನಸೋಲುತ್ತದೆ, ಆದರೆ ಅದರ ಜೊತೆಗೆ ಒಣಮೀನು ಬಂದೇ ಬರುತ್ತದೆ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ನಾಲ್ಕು ಬಗೆಯ ಊಟದ ಕಟ್ಟುಪಾಡುಗಳ ಜನ ಒಂದೇ ಬೀದಿಯಲ್ಲಿ ತಲೆಮಾರುಗಳಿಂದ ಉಂಡ ಊರು ಇದು. ಯಾರು ಏನು ತಿನ್ನುವುದಿಲ್ಲ ಎಂಬುದನ್ನು ಎಲ್ಲರೂ ಗೌರವದಿಂದ ನೆನಪಿಟ್ಟುಕೊಂಡಿರುತ್ತಾರೆ. ಚೀನೀಯರ ಸಸ್ಯಾಹಾರಿ ಹೋಟೆಲುಗಳಿಗೆ ಹೋದರಂತೂ ನಮ್ಮ ಮಠದ ಊಟ ನೆನಪಾಗುತ್ತದೆ, ಅಲ್ಲಿಯೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಅವರ ಚಾಂದ್ರಮಾನ ತಿಂಗಳಿನ 1 ಮತ್ತು 15ನೆಯ ದಿನ ಮಾಂಸ ಬಿಡುವವರಿಂದ ಆ ಹೋಟೆಲುಗಳು ತುಂಬಿರುತ್ತವೆ. ಒಂಬತ್ತನೆಯ ತಿಂಗಳಿನ ಮೊದಲ ಒಂಬತ್ತು ದಿನ ಒಂಬತ್ತು ಚಕ್ರವರ್ತಿ ದೇವತೆಗಳ ಹಬ್ಬ, ಬೀದಿಯ ಗಾಡಿಗಳಿಗೆಲ್ಲ ಹಳದಿ ಬಾವುಟ ಕಟ್ಟಿ ಸಸ್ಯಾಹಾರ ಮಾರುತ್ತಾರೆ. ಎಷ್ಟೋ ವರ್ಷ ಅದು ನಮ್ಮ ನವರಾತ್ರಿಯ ದಿನಗಳ ಜೊತೆಗೇ ಬರುತ್ತದೆ. ಮನೆಯಲ್ಲಿ ಗೊಂಬೆ ಕೂರಿಸಿದ ವಾರದಲ್ಲೇ ಪಕ್ಕದ ಮನೆಯ ಚೀನೀ ಹಿರಿಯರೂ ವ್ರತದಲ್ಲಿರುತ್ತಾರೆ. ಕೋಸಂಬರಿಯ ಬಟ್ಟಲು ಆ ಮನೆಗೂ ಹೋಗುತ್ತದೆ.

ಮಧ್ಯಾಹ್ನದ ಊಟಕ್ಕೆ ಬ್ರಿಕ್‌ಫೀಲ್ಡ್ಸ್ ಎಂದರೆ ಬಾಳೆಎಲೆ. ಎಲೆ ಹಾಸಿದ ಮೇಲೆ ಅನ್ನ, ಮೂರು ಬಗೆ ಪಲ್ಯ, ಹಪ್ಪಳ, ಗರಿಗರಿ ಹಾಗಲಕಾಯಿ, ಮಜ್ಜಿಗೆ ಮೆಣಸು, ಸಾಂಬಾರು, ರಸಂ, ಕೊನೆಗೆ ಮೋರು. ಅನ್ನ ಪಲ್ಯ ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ. ಬಡಿಸುವವರನ್ನು ಮಲಯರು, ಚೀನೀಯರು, ನಾವು ಎಲ್ಲರೂ ಕರೆಯುವುದು "ಅಣ್ಣೇ" ಎಂದೇ. ಉಂಡು ತೃಪ್ತಿಯಾದವರು ಎಲೆಯನ್ನು ತಮ್ಮ ಕಡೆಗೆ ಮಡಚಬೇಕು, ಆಚೆಗೆ ಮಡಚುವುದು ಸೂತಕದ ಊಟಕ್ಕೆ ಎಂದು ಚೀನೀ ಹುಡುಗರು ತಮ್ಮ ಗೆಳೆಯರಿಗೆ ಹೇಳಿಕೊಡುವುದನ್ನು ಕೇಳಿದಾಗ ನನಗೆ ಬಹಳ ಸಂತೋಷವಾಗುತ್ತದೆ. ಜಲಾನ್ ಬರ್ಹಾಲಾದ ಟೆಂಪಲ್ ಆಫ್ ಫೈನ್ ಆರ್ಟ್ಸ್‌ನಲ್ಲಿ ಅನ್ನಲಕ್ಷ್ಮಿ ಎಂಬ ಊಟದ ಮನೆ ಇದೆ. ಸ್ವಾಮಿ ಶಾಂತಾನಂದ ಸರಸ್ವತಿಯವರ ಪ್ರೇರಣೆಯಿಂದ ಹುಟ್ಟಿದ್ದು. ಬೇಕಾದಷ್ಟು ಉಣ್ಣಿ, ಮನಸ್ಸಿಗೆ ಬಂದಷ್ಟು ಕೊಡಿ ಎಂಬುದು ಅಲ್ಲಿಯ ನಿಯಮ. ಸೇವೆ ಎಂದು ಬಂದವರು ಬಡಿಸುತ್ತಾರೆ. ಧರ್ಮಸ್ಥಳ, ಶೃಂಗೇರಿ, ಹೊರನಾಡಿನ ಪಂಕ್ತಿಯಲ್ಲಿ ಉಂಡು ಬೆಳೆದವರಿಗೆ ಇದು ಹೊಸದಲ್ಲ. ಆದರೆ ಎಲ್ಲಕ್ಕೂ ದರಪಟ್ಟಿ ಅಂಟಿಸಿರುವ ಮಹಾನಗರದ ನಡುವೆ ಹೀಗೊಂದು ಅಡುಗೆಮನೆ ಉರಿಯುತ್ತಿದೆ ಎಂಬುದು ದೊಡ್ಡ ಧೈರ್ಯ ಕೊಡುತ್ತದೆ.

ಸಂಜೆಗೆ ಪುಟ್ಟು ಮಾಯಂ. ನಮ್ಮ ಒತ್ತುಶಾವಿಗೆಯೇ, ಅದರ ಮೇಲೆ ಕಾಯಿತುರಿ, ಪುಡಿಬೆಲ್ಲ. ನಾನು ಅದನ್ನು ಬುಂಗ್ಕುಸ್ ಮಾಡಿಸಿ, ಎಂದರೆ ಕಟ್ಟಿಸಿಕೊಂಡು, ಮನೆಗೆ ತಂದು ಏಲಕ್ಕಿ ಹಾಕಿದ ಕಾಯಿಹಾಲು ಸುರಿದುಕೊಳ್ಳುತ್ತೇನೆ. ಹಾಲಿಗೆ ಗುಲಾ ಮೆಲಾಕಾ, ಇಲ್ಲಿಯ ತಾಳೆಬೆಲ್ಲ. ಅದರ ಹೊಗೆಯ ಘಮ ನಮ್ಮ ಜೋನಿಬೆಲ್ಲಕ್ಕೆ ಇಲ್ಲ, ಆದರೆ ಕಾಯಿಹಾಲಿಗೆ ಎರಡೂ ಒಪ್ಪುತ್ತವೆ.

ಊಟ ಮುಗಿದ ಮೇಲೆ ಮಲೆನಾಡಿನವರ ಕೈ ಎಲೆ ಅಡಿಕೆಯ ತಟ್ಟೆಗೆ ಹೋಗುತ್ತದೆ. ಸಾಗರ, ಸಿರಸಿ, ತೀರ್ಥಹಳ್ಳಿಯ ಎಷ್ಟೋ ಮನೆಗಳ ಮಕ್ಕಳ ಓದು, ಮದುವೆ, ಪರದೇಶದ ಟಿಕೆಟ್ಟು ಎಲ್ಲವೂ ಅಡಿಕೆಯ ದುಡ್ಡಿನಲ್ಲೇ ಆದದ್ದು. ಆ ಅಡಿಕೆ ಮರದ ಮೂಲ ಮಲಯ, ಫಿಲಿಪ್ಪೀನ್ಸ್ ಕಡೆಯದು ಎನ್ನುತ್ತಾರೆ ಸಸ್ಯಶಾಸ್ತ್ರ ಬಲ್ಲವರು. ಪೆನಾಂಗ್ ರಾಜ್ಯಕ್ಕೆ ಹೆಸರು ಕೊಟ್ಟದ್ದು ಅಡಿಕೆ, ಅದರ ಬಾವುಟದ ನಡುವೆ ನಿಂತಿರುವುದೂ ಅಡಿಕೆ ಮರ. ಮಲಯರ ಮದುವೆಗೆ ಎಲೆ, ಅಡಿಕೆ, ಸುಣ್ಣ, ಕಾಚಿನಂಥ ಗಂಬೀರ್ ಇಟ್ಟ ತಾಂಬೂಲದ ಪೆಟ್ಟಿಗೆ ಬೇಕೇ ಬೇಕು. ಕೊನೆಕೊಯ್ಲು, ಬೇಯಿಸುವ ಹಂಡೆ, ಸುಲಿಯುವವರ ಹಾಡು ಕೇಳಿ ಬೆಳೆದವಳಿಗೆ ಈ ಬಾವುಟ ಕಂಡರೆ ಪರದೇಶದಲ್ಲಿದ್ದೇನೆ ಎಂಬ ಮಾತನ್ನು ಪೂರ್ತಿ ನಂಬಲಾಗುವುದಿಲ್ಲ.

ಸಿಗದ್ದೂ ಇದೆ. ಚಳಿಯೇ ಇಲ್ಲದ ಊರಿನಲ್ಲಿ ಸೊಗಡಿನ ಅವರೆಕಾಯಿ ಎಲ್ಲಿಂದ ಬರಬೇಕು? ಡಿಸೆಂಬರ್ ಬಂತೆಂದರೆ ಮೈಸೂರು ಬೆಂಗಳೂರಿನ ಗೆಳತಿಯರು ಹಿತಕಿದ ಬೇಳೆಯ ಮಾತು ತೆಗೆದು ನಿಟ್ಟುಸಿರಿಡುತ್ತಾರೆ. ಅಪ್ಪೆಮಿಡಿಗೆ ಬದಲಿ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಇಲ್ಲಿಯ ಒಣಮೆಣಸಿಗೆ ಬರುವುದಿಲ್ಲ. ಇವು ಮೂರಕ್ಕಾಗಿ ಮನಸ್ಸು ಊರಿಗೆ ಓಡುತ್ತದೆ, ಓಡಲಿ. ಒಂದಿಷ್ಟಾದರೂ ಊರಿನಲ್ಲೇ ಉಳಿದರೆ ಊರಿಗೆ ಹೋಗುವ ಖುಷಿ ಉಳಿಯುತ್ತದೆ.

ಆದ್ದರಿಂದ ಈ ಕಡೆಗೆ ಹೊರಟಿರುವ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ನನ್ನ ಮಾತು ಇಷ್ಟು. ಸೂಟ್‌ಕೇಸಿನಲ್ಲಿ ಅಕ್ಕಿ, ಬೇಳೆ, ರವೆಗೆ ಜಾಗ ಕೊಡಬೇಡಿ. ಬ್ಯಾಡಗಿ ಮೆಣಸು, ಮಿಡಿ ಉಪ್ಪಿನಕಾಯಿ ತನ್ನಿ, ಜೊತೆಗೆ ಶಾವಿಗೆ ಒರಳು, ಕಡುಬಿನ ಪಾತ್ರೆ, ಅಮ್ಮ ಕೈಬರಹದಲ್ಲಿ ಬರೆದುಕೊಟ್ಟ ಅಳತೆಯ ಪುಸ್ತಕ ತನ್ನಿ. ಮಿಕ್ಕದ್ದನ್ನು ಈ ನೆಲ ಕೊಡುತ್ತದೆ. ನಮ್ಮ ಅಕ್ಕಿ, ಬಾಳೆ, ಹುಳಿ, ಅಡಿಕೆಗೆಲ್ಲ ಇಲ್ಲಿ ಬಂಧುಗಳಿದ್ದಾರೆ, ನಾವು ಬರುವುದಕ್ಕೆ ಬಹಳ ಮೊದಲಿನಿಂದಲೂ ಇದ್ದಾರೆ. ಬಂದ ಮೊದಲ ವಾರವೇ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿ, ಗೊತ್ತಿಲ್ಲದ ಸೊಪ್ಪಿನ ಮುಂದೆ ನಿಂತು ಮಾರುವ ಅಜ್ಜಿಯನ್ನು ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿ. ಅವರು ಹೇಳಿದ ಹಾಗೆ ಒಂದು ಸಲ ಮಾಡಿ, ನಮ್ಮ ಹಾಗೆ ಒಂದು ಸಲ ಮಾಡಿ. ಆಮೇಲೆ ಊರಿಗೆ ಫೋನು ಮಾಡಿದಾಗ ಅತ್ತೆ ತೊಗರಿಬೇಳೆಯ ಮಾತೆತ್ತಿದರೆ, ಬೇಳೆ ಬಿಡಿ ಅತ್ತೆ, ಇಲ್ಲಿ ಒಂದೆಲಗ ಸಿಗ್ತದೆ ಎಂದು ಹೇಳಿ. ಅವರು ಆವತ್ತು ನೆಮ್ಮದಿಯಿಂದ ಉಣ್ಣುತ್ತಾರೆ.